ಒದ್ದೆಯಾಗದ ಪದವಿ

ಜೂನ್ ಬಂತೆಂದರೆ ನಮ್ಮ ಕರಾವಳಿಯಲ್ಲಿ ಎರಡು ಬೋರ್ಡುಗಳು ಒಟ್ಟಿಗೆ ಏಳುತ್ತವೆ. ಬೀಚಿನಲ್ಲಿ ಜಿಲ್ಲಾಡಳಿತದ್ದು: ‘ಸಮುದ್ರಕ್ಕೆ ಇಳಿಯುವುದನ್ನು ನಿಷೇಧಿಸಲಾಗಿದೆ.’ ಪೇಟೆಯಲ್ಲಿ ಕಾಲೇಜುಗಳದ್ದು: ‘ಪ್ರವೇಶ ಆರಂಭವಾಗಿದೆ.’ ಮೊದಲನೆಯದನ್ನು ಓದಿದವರು ನೀರಿಗೆ ಇಳಿಯುತ್ತಾರೆ, ಎರಡನೆಯದನ್ನು ಓದಿದವರು ಸಾಲಕ್ಕೆ ಇಳಿಯುತ್ತಾರೆ.

ಈಗ ಈ ಎರಡು ಬೋರ್ಡುಗಳ ನಡುವೆ ಸಂಬಂಧ ಕುದುರಿಸುವ ಕೆಲಸ ಶುರುವಾಗಿದೆ. ಕಡಲತೀರದ ಸಾಹಸ ಮತ್ತು ಹೊರಾಂಗಣ ಚಟುವಟಿಕೆಗಳ ನಿರ್ವಹಣೆ ಎಂಬುದೊಂದು ಓದು. ಹೆಸರು ಉದ್ದವಿದೆ, ಫೀಸಿಗೆ ತಕ್ಕ ಹಾಗೆ. ಇಂಗ್ಲೆಂಡಿನ ಕರಾವಳಿಯಲ್ಲಿ ಇದಕ್ಕೆ ಪದವಿಗಳೇ ಇವೆ. ನಮ್ಮಲ್ಲಿ ಟೂರಿಸಂ ಡಿಗ್ರಿಯ ಬಾಲಕ್ಕೆ ಒಂದೆರಡು ಪೇಪರು ಕಟ್ಟಿ, ಮುಖಪುಟಕ್ಕೆ ಅಲೆ ಅಂಟಿಸಿದರೆ ಕೋರ್ಸು ಸಿದ್ಧ. ನನ್ನ ಅಕ್ಕನ ಮಗ ಅಂಥದ್ದೊಂದರ ಪ್ರಾಸ್ಪೆಕ್ಟಸ್ ತಂದು ಮುಂದಿಟ್ಟ. ಮುಖಪುಟದಲ್ಲಿ ಸರ್ಫ್ ಬೋರ್ಡಿನ ಮೇಲೆ ನಿಂತ ಹೊಂಗೂದಲ ಹುಡುಗ. ಆ ಹುಡುಗ ಆ ಕಾಲೇಜಿನವನಲ್ಲ, ಆ ಅಲೆ ನಮ್ಮ ಸಮುದ್ರದ್ದೂ ಅಲ್ಲ. ಹಿಂಬದಿಯಲ್ಲಿ ಕಾಲೇಜಿನ ಫೋಟೊ: ನಾಲ್ಕು ಅಂತಸ್ತು, ಅಂಗಳದಲ್ಲೊಂದು ಕಾರಂಜಿ. ಇಡೀ ಪುಸ್ತಕದಲ್ಲಿ ಕಾಲೇಜಿನ ಸ್ವಂತ ನೀರು ಅದೊಂದೇ.

ಮನೆಯಲ್ಲಿ ಸಭೆ ಸೇರಿತು. ಭಾವ ಕೇಳಿದರು: ‘ಇದು ಓದಿ ಏನಾಗ್ತಿ? ಬೀಚಲ್ಲಿ ಚುರುಮುರಿ ಮಾರ್ತಿಯಾ?’ ರಜೆಯ ಭಾನುವಾರ ಸಂಜೆ ಚುರುಮುರಿ ಗಾಡಿಯ ಮುಂದಿನ ಗದ್ದಲ ನೋಡಿದ್ದರೆ ಭಾವ ಆ ಮಾತನ್ನು ಅಷ್ಟು ಹಗುರವಾಗಿ ಆಡುತ್ತಿರಲಿಲ್ಲ. ಅಕ್ಕನ ಚಿಂತೆ ಬೇರೆ. ಮದುವೆ ಮಾತುಕತೆಯಲ್ಲಿ ‘ಹುಡುಗ ಶಿಪ್ಪಿನಲ್ಲಿದ್ದಾನೆ’ ಅಂದರೆ ನಮ್ಮೂರಲ್ಲಿ ಕಾಫಿಯ ಜೊತೆ ಗೋಡಂಬಿಯೂ ಬರುತ್ತದೆ. ‘ಹುಡುಗ ಬೀಚಿನಲ್ಲಿದ್ದಾನೆ’ ಅಂದರೆ ಕಾಫಿಯೇ ಅನುಮಾನ. ಮೂಲೆಯಲ್ಲಿ ಕೂತಿದ್ದ ಅಜ್ಜಿ ಮಾತ್ರ ಕೇಳಿದ್ದು ಇಷ್ಟೇ: ‘ಅಮಾಸೆ ದಿನವೂ ಕ್ಲಾಸ್ ಉಂಟಾ?’ ಎಲ್ಲರೂ ನಕ್ಕರು. ಅಮಾವಾಸ್ಯೆಗೂ ಹುಣ್ಣಿಮೆಗೂ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಗೆ ಬಂದು, ಭರತ ಹೆಚ್ಚು ಏರಿ ಇಳಿತ ಹೆಚ್ಚು ಇಳಿಯುತ್ತದೆ. ಅಂದು ಆ ಮನೆಯಲ್ಲಿ ಸಮುದ್ರದ ಬಗ್ಗೆ ತಿಳಿದು ಆಡಿದ ಮಾತು ಅಜ್ಜಿಯದ್ದೊಂದೇ. ಪ್ರಾಸ್ಪೆಕ್ಟಸ್ಸನ್ನು ತಿರುವಿ ನೋಡಿದೆ, ಅದರಲ್ಲಿ ಭರತ ಇಳಿತದ ಸುದ್ದಿಯೇ ಇರಲಿಲ್ಲ.

ಇದ್ದಿದ್ದು ಟೈಂಟೇಬಲ್ಲು. ‘ಕಡಲ ಪ್ರಾಕ್ಟಿಕಲ್, ಬುಧವಾರ, 2ರಿಂದ 4.’ ಸಮುದ್ರದ ಅಭ್ಯಾಸ ಬೇರೆ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ, ಬುಧವಾರವೂ ಸೇರಿ. ಹೀಗೇ ಮುಂದುವರಿದರೆ ಅರಬ್ಬಿ ಸಮುದ್ರಕ್ಕೆ ಹಾಜರಾತಿ ಶೇ 75 ತುಂಬದೆ, ಪರೀಕ್ಷೆಗೆ ಕೂರಿಸುವುದಿಲ್ಲ.

ಇನ್ನು ಶೈಕ್ಷಣಿಕ ವರ್ಷ. ಕ್ಲಾಸು ಆರಂಭವಾಗುವುದು ಮಳೆ ಹಿಡಿದ ಮೇಲೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಜಲಕ್ರೀಡೆಯವರು ಬಾಗಿಲು ತೆಗೆಯುವುದು ಸೆಪ್ಟೆಂಬರ್ ಕಳೆದ ಮೇಲೆ. ಅಲ್ಲಿಗೆ ಮೊದಲ ಸೆಮಿಸ್ಟರಿನ ಬಹುಪಾಲು ಪೀಪಿಟಿಯಲ್ಲೇ ಈಜಿಯಾಯಿತು. ನೀರು ತಿಳಿಯಾಗಿ, ನೇತ್ರಾಣಿ ದ್ವೀಪದ ಸುತ್ತ ಮೀನು ಕಣ್ಣಿಗೆ ಬೀಳುವ ಡಿಸೆಂಬರಿನಲ್ಲಿ ಇಂಟರ್ನಲ್ಸು, ಅದರ ಬೆನ್ನಿಗೇ ಪರೀಕ್ಷೆ. ಏಪ್ರಿಲ್ ಮೇ ರಜೆಗೆ ಊರಿಡೀ ಬೀಚಿಗೆ ಬಂದು ಬಿದ್ದಾಗ ಮತ್ತೊಂದು ಪರೀಕ್ಷೆ. ಅದು ಮುಗಿಯಿತೆಂದು ಹುಡುಗರು ಟವೆಲ್ ಹೆಗಲಿಗೆ ಹಾಕುವಷ್ಟರಲ್ಲಿ ಜೂನ್. ವಿಶ್ವವಿದ್ಯಾಲಯದ ಕ್ಯಾಲೆಂಡರೂ ಸಮುದ್ರವೂ ಮೂರು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಸಂಸಾರ ಮಾಡಿ ಮುಗಿಸುತ್ತವೆ.

ಹಾಗಾದರೆ ಪ್ರಾಕ್ಟಿಕಲ್ ಮಾರ್ಕ್ಸ್? ಅದಕ್ಕೆ ನಮ್ಮಲ್ಲಿ ರೆಕಾರ್ಡ್ ಬುಕ್ ಎಂಬ ಮಹಾಸಾಧನ ಇದೆ. ಎಡಗಡೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಚಿತ್ರ: ಮೂರು ಅಲೆ, ಒಂದು ತಲೆ, ಒಂದು ಕೈ, ಬಾಣದ ಗುರುತು. ಬಲಗಡೆಯ ಗೆರೆ ಹಾಳೆಯಲ್ಲಿ ಬರವಣಿಗೆ. ‘ಉದ್ದೇಶ: ಮುಳುಗುತ್ತಿರುವ ವ್ಯಕ್ತಿಯನ್ನು ರಕ್ಷಿಸುವುದು. ಬೇಕಾದ ಸಲಕರಣೆಗಳು: ಹಗ್ಗ, ಟ್ಯೂಬ್, ಮುಳುಗುತ್ತಿರುವ ವ್ಯಕ್ತಿ. ಫಲಿತಾಂಶ: ವ್ಯಕ್ತಿಯನ್ನು ಯಶಸ್ವಿಯಾಗಿ ರಕ್ಷಿಸಲಾಯಿತು.’ ಕೆಳಗೆ ಕೆಂಪು ಇಂಕಿನ ಸಹಿ. ಸೀನಿಯರಿನ ರೆಕಾರ್ಡ್ ನೋಡಿ ಜೂನಿಯರ್, ಅವನದನ್ನು ನೋಡಿ ಅವನ ಜೂನಿಯರ್. ಹೀಗೆ ಒಬ್ಬನೇ ವ್ಯಕ್ತಿ ವರ್ಷಾನುಗಟ್ಟಲೆ ಮುಳುಗುತ್ತಾ, ಪ್ರತಿ ಬ್ಯಾಚಿನಲ್ಲೂ ಯಶಸ್ವಿಯಾಗಿ ರಕ್ಷಣೆಯಾಗುತ್ತಾ ಇರುತ್ತಾನೆ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ‘ಈಜು ಬರುತ್ತದೇನಪ್ಪಾ?’ ಎಂದು ಕೇಳಿದರೆ ಅದು ಸಿಲೆಬಸ್ಸಿನ ಹೊರಗಿನ ಪ್ರಶ್ನೆ; ಮಕ್ಕಳು ದೂರು ಕೊಡಬಹುದು.

ಪಾಠ ಮಾಡುವವರ ವಿಷಯಕ್ಕೆ ಬರೋಣ. ಮಲ್ಪೆಯಲ್ಲೋ ತದಡಿಯಲ್ಲೋ ಹುಟ್ಟಿ, ಹನ್ನೆರಡರ ಪ್ರಾಯದಲ್ಲಿ ದೋಣಿ ಹತ್ತಿ, ಗಾಳಿ ಯಾವ ಮೂಲೆಯಿಂದ ತಿರುಗಿತು ಎಂಬುದನ್ನು ಕಿವಿಯ ಹಿಂಬದಿಯ ತಂಪಿನಿಂದಲೇ ಹೇಳುವ ಮೊಗವೀರರೂ ಖಾರ್ವಿಗಳೂ ನಮ್ಮಲ್ಲಿದ್ದಾರೆ. ಆದರೆ ಅವರು ನೆಟ್ ಪಾಸಾಗಿಲ್ಲ. ಅವರಿಗೆ ಗೊತ್ತಿರುವ ನೆಟ್ಟು ಬೇರೆ, ಅದರಲ್ಲಿ ಬಂಗುಡೆ ಬೀಳುತ್ತದೆ, ಯುಜಿಸಿ ಬೀಳುವುದಿಲ್ಲ. 2022ರಲ್ಲಿ ಯುಜಿಸಿಯವರು ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆ ತಂದರು. ಕಸುಬಿನಲ್ಲಿ ಪಳಗಿದವರಿಗೆ ಡಿಗ್ರಿ ಇಲ್ಲದಿದ್ದರೂ ಕಾಲೇಜಿನಲ್ಲಿ ಕಲಿಸಬಹುದು ಎಂದಿತು ಆ ನಿಯಮ. ಕನಿಷ್ಠ 15 ವರ್ಷದ ಅನುಭವ ಇರಬೇಕು, ಅದೂ ಹಿರಿಯ ಹುದ್ದೆಯಲ್ಲಾದರೆ ಒಳ್ಳೆಯದು. ಓದಿದಾಗ ದೋಣಿಯ ತಾಂಡೇಲನಿಗೇ ಹೊಲಿಸಿದ ಅಂಗಿ ಅನ್ನಿಸಿತ್ತು. ಆದರೆ ನಮ್ಮಲ್ಲಿ ‘ಹಿರಿಯ ಹುದ್ದೆ’ ಅಂದರೆ ನಿವೃತ್ತ ಅಧಿಕಾರಿ. ಸಮುದ್ರವನ್ನು ಸರ್ಕಿಟ್ ಹೌಸಿನ ಬಾಲ್ಕನಿಯಿಂದ ನೋಡಿದವರು ಒಳಗೆ ಪಾಠ ಮಾಡುತ್ತಾರೆ, ಸಮುದ್ರದಲ್ಲೇ ಬೆಳೆದವನು ಗೇಟಿನ ಹೊರಗೆ ದಿನಗೂಲಿಗೆ ಸೀಟಿ ಊದುತ್ತಾನೆ.

ಹಾಗೆಂದು ಈ ಓದೇ ಸುಳ್ಳು ಅನ್ನುವವನಲ್ಲ ನಾನು. ಓದಬೇಕಾದ್ದು ರಾಶಿ ಇದೆ. ಅದರ ಒಂದು ಪಾಠವನ್ನು ಉಡುಪಿ ಕಡೆಯ ಬೀಚೊಂದರಲ್ಲಿ ನಿಂತು ಪುಕ್ಕಟೆ ಕೇಳಿದ್ದೇನೆ. ಬೆಂಗಳೂರಿನ ನಾಲ್ಕು ಜನ ಹುಡುಗರು, ಒಬ್ಬ ಲೈಫ್‌ಗಾರ್ಡ್.

‘ಅಲ್ಲಿ ಇಳೀಬೇಡಿ ಮಾರಾಯ್ರೆ, ನೀರು ಎಳೀತದೆ.’

‘ಅಲ್ಲಿ ಅಲೆನೇ ಇಲ್ವಲ್ಲ ಗುರು.’

‘ಅಲೆ ಇಲ್ಲ ಅಂತಲೇ ಬೇಡ ಹೇಳಿದ್ದು.’

‘ಎಂಟು ಗಂಟೆ ಡ್ರೈವ್ ಮಾಡ್ಕೊಂಡು ಬಂದಿದೀವಿ ಕಣ್ರೀ.’

‘ಅದು ಸಮುದ್ರಕ್ಕೆ ಗೊತ್ತಿಲ್ವಲ್ಲ.’

ಅಲೆ ದಡಕ್ಕೆ ತಂದು ಸುರಿದ ನೀರು ಎಲ್ಲಿಂದಲಾದರೂ ವಾಪಸು ಹೋಗಲೇಬೇಕು. ತಳದ ಮರಳಿನಲ್ಲಿ ಎಲ್ಲಿ ತಗ್ಗಿದೆಯೋ ಅಲ್ಲಿ ಅದು ದಾರಿ ಮಾಡಿಕೊಂಡು, ಹೊಳೆಯ ಹಾಗೆ ಒಳಗಡೆಗೆ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಕಡಿಮೆ, ನೀರಿನ ಬಣ್ಣ ಸ್ವಲ್ಪ ಕಡು. ಎರಡೂ ಬದಿಗೆ ಅಲೆ ಅಬ್ಬರಿಸುವಾಗ ನಡುವೆ ಅದೊಂದೇ ಜಾಗ ಸಾಧುವಾಗಿ ಕಾಣುತ್ತದೆ. ಹಾಗಾಗಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದ ಜವಾಬ್ದಾರಿಯ ಗೃಹಸ್ಥ ಹುಡುಕಿ ಹುಡುಕಿ ಅಲ್ಲೇ ಇಳಿಯುತ್ತಾನೆ. ಸಿಕ್ಕಿಬಿದ್ದರೆ ದಡದ ಕಡೆ ಸೆಣಸಬಾರದು. ತೇಲಿಕೊಂಡು ಇದ್ದು, ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಿ ಸೆಳೆತದಿಂದ ಹೊರಬಿದ್ದು, ಆಮೇಲೆ ಅಲೆಯ ಜೊತೆ ದಡಕ್ಕೆ ಬರಬೇಕು. ಈಜು ಬರದವನು ಕೈ ಎತ್ತಿ ಕರೆಯಬೇಕು. ಇಷ್ಟು ಹೇಳಿಕೊಡಲು ಎರಡು ನಿಮಿಷ ಸಾಕು. ಇದನ್ನು ಕಣ್ಣಿನಿಂದ ಗುರುತಿಸಿ, ನಲವತ್ತು ಜನರ ಗುಂಪನ್ನು ಜಗಳವಿಲ್ಲದೆ ಬದಿಗೆ ಸರಿಸುವುದನ್ನು ಕಲಿಯಲು ವರ್ಷಗಳು ಬೇಕು. ಪದವಿ ಅಂತ ಕೊಡುವುದಿದ್ದರೆ ಇದಕ್ಕೆ ಕೊಡಬೇಕು.

ಕಲಿಯುವ ಜಾಗಗಳೂ ಇಲ್ಲದೆ ಇಲ್ಲ. ಗೋವಾದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಿದೆ, ಜೀವರಕ್ಷಣೆ, ಯಂತ್ರದೋಣಿ ನಡೆಸುವುದು ಎಲ್ಲ ಕಲಿಸುತ್ತದೆ. ನಮ್ಮ ರಾಜ್ಯಕ್ಕೆ ಜನರಲ್ ತಿಮ್ಮಯ್ಯ ಹೆಸರಿನ ಸಾಹಸ ಅಕಾಡೆಮಿಯಿದೆ. ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ಬಿನವರು 2004ರಿಂದ ಅಲೆಯ ಮೇಲೆ ನಿಲ್ಲುವುದನ್ನು ಕಲಿಸುತ್ತಿದ್ದಾರೆ. ಪಕ್ಕದ ಸಸಿಹಿತ್ಲಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳೇ ನಡೆದಿವೆ. ಸ್ಕೂಬಾದಲ್ಲಂತೂ ಮೆಟ್ಟಿಲುಗಳು ಖಚಿತ: ಓಪನ್ ವಾಟರ್, ಅಡ್ವಾನ್ಸ್ಡ್, ರೆಸ್ಕ್ಯೂ, ಡೈವ್‌ಮಾಸ್ಟರ್, ಆಮೇಲೆ ಇನ್‌ಸ್ಟ್ರಕ್ಟರ್. ಇಲ್ಲಿ ಯಾವುದರಲ್ಲೂ ರೆಕಾರ್ಡ್ ಬುಕ್ ತೋರಿಸಿ ಪಾಸಾಗಲು ಆಗುವುದಿಲ್ಲ. ಮೂಗಿಗೆ ಉಪ್ಪುನೀರು ಹೋಗಲೇಬೇಕು. ಅದಕ್ಕೇ ಇರಬೇಕು, ನಮ್ಮ ಪೋಷಕರಿಗೆ ಇವು ಕೋರ್ಸುಗಳಂತೆ ಕಾಣುವುದೇ ಇಲ್ಲ. ಘಟಿಕೋತ್ಸವ ಇಲ್ಲ, ಕಪ್ಪು ಗೌನಿಲ್ಲ, ಗೋಡೆಗೆ ತೂಗುಹಾಕಲು ಫೋಟೊ ಇಲ್ಲ.

ಸರಿ, ಓದು ಮುಗಿಯಿತು, ಕೆಲಸಕ್ಕೆ ಇಂಟರ್‌ವ್ಯೂ. ಧಣಿಗಳ ಪ್ರಶ್ನೆಗಳು ಹೀಗಿರುತ್ತವೆ. ‘ಡ್ರೋನ್ ಹಾರಿಸಲು ಬರುತ್ತದಾ? ರೀಲ್ಸ್ ಎಡಿಟ್ ಮಾಡ್ತೀಯಾ? ಹಿಂದಿ?’ ಹುಡುಗ ತಾನಾಗಿಯೇ ‘ಸರ್, ರೆಸ್ಕ್ಯೂ ಸರ್ಟಿಫಿಕೇಟ್ ಇದೆ’ ಅಂದರೆ, ‘ಇರಲಿ, ಅದೂ ಇದ್ದರೆ ಒಳ್ಳೆಯದೇ.’

ಸ್ಕೂಬಾಕ್ಕೆಂದು ಮುರುಡೇಶ್ವರದಿಂದ ಬೆಳಿಗ್ಗೆ ಹೊರಟ ದೋಣಿಯನ್ನೇ ನೋಡಿ. ನೇತ್ರಾಣಿಗೆ ಸುಮಾರು 19 ಕಿಲೋಮೀಟರ್. ಹತ್ತುವ ಮೊದಲು ಒಂದು ವೈದ್ಯಕೀಯ ಫಾರಂ ಕೊಡುತ್ತಾರೆ: ಉಬ್ಬಸ ಇದೆಯೇ, ಹೃದಯದ ತೊಂದರೆ ಇದೆಯೇ, ಕಿವಿಗೆ ಆಪರೇಷನ್ ಆಗಿದೆಯೇ. ಗಿರಾಕಿ ಓದದೆಯೇ ಎಲ್ಲದಕ್ಕೂ ‘ಇಲ್ಲ’ ಎಂದು ಟಿಕ್ ಹಾಕುತ್ತಾನೆ. ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಇನ್‌ಹೇಲರ್ ಇದ್ದರೂ ಅಷ್ಟೇ. ದಾರಿಯಲ್ಲಿ ಅರ್ಧ ಜನ ಬೆಳಗಿನ ಇಡ್ಲಿಯನ್ನು ಸಮುದ್ರಕ್ಕೆ ಅರ್ಪಿಸುತ್ತಾರೆ. ಸರ್ಟಿಫಿಕೇಟ್ ಇಲ್ಲದವರನ್ನು ಮೊದಲ ಅನುಭವಕ್ಕೆಂದು 12 ಮೀಟರಿಗಿಂತ ಆಳಕ್ಕೆ ಒಯ್ಯುವಂತಿಲ್ಲ. ಅಷ್ಟರಲ್ಲೇ ಕಿವಿ ಒತ್ತುತ್ತದೆ, ಮೂಗು ಹಿಡಿದು ಗಾಳಿ ಊದಿ ಸರಿಮಾಡಿಕೊಳ್ಳಬೇಕು, ಹೆದರಿ ಉಸಿರು ಬಿಗಿಹಿಡಿಯಬಾರದು. ಇದನ್ನೆಲ್ಲ ಕೈಸನ್ನೆಯಲ್ಲೇ ನೆನಪಿಸುತ್ತಾ, ಬೆನ್ನ ಹಿಂದಿನಿಂದ ಸಿಲಿಂಡರನ್ನು ಹಿಡಿದುಕೊಂಡೇ ಇರುವವನು ಇನ್‌ಸ್ಟ್ರಕ್ಟರ್. ದಡಕ್ಕೆ ಬಂದ ಮೇಲೆ ಸ್ಟೇಟಸ್ಸಿಗೆ ಫೋಟೊ ಹಾಕುವಾಗ ಮೊದಲು ಕತ್ತರಿಸುವುದು ಅವನ ಕೈಯನ್ನು.

ಅವನು ಒಂದು ಬೆಳಿಗ್ಗೆ ಗಾಳಿ ನೋಡಿ ‘ಇವತ್ತು ಬೇಡ’ ಅಂದನೆಂದುಕೊಳ್ಳಿ. ಗಿರಾಕಿ ಹಣ ವಾಪಸು ಕೇಳುತ್ತಾನೆ, ಗೂಗಲ್ಲಿನಲ್ಲಿ ಒಂದೇ ಸ್ಟಾರ್ ಒತ್ತುತ್ತಾನೆ. ಧಣಿ ‘ಪಕ್ಕದವರು ಹೋಗಿದ್ದಾರಲ್ಲ’ ಅನ್ನುತ್ತಾರೆ. ಅವನ ಆ ದಿನದ ಸಂಬಳ ಹೋಗುತ್ತದೆ. ಎರಡು ಸಲ ‘ಬೇಡ’ ಅಂದವನಿಗೆ ಮೂರನೇ ಸಲ ಧಣಿಯೇ ‘ನೀನೇ ಬೇಡ’ ಅನ್ನುತ್ತಾರೆ. ಈ ಇಡೀ ಕಸುಬಿನ ಸಾರ ಆ ಒಂದು ಮಾತಿನಲ್ಲಿದೆ, ಆ ಮಾತಿಗೆ ಮಾತ್ರ ಸಿಲೆಬಸ್ಸಿನಲ್ಲಿ ಮಾರ್ಕ್ಸಿಲ್ಲ, ಪೇಟೆಯಲ್ಲಿ ಬೆಲೆಯಿಲ್ಲ. ಬದಲಿಗೆ ‘ಕಸ್ಟಮರ್ ಡಿಲೈಟ್’ ಎಂಬ ಪೇಪರಿದೆ, ನೂರು ಮಾರ್ಕ್ಸು.

ಸರ್ಕಾರಕ್ಕೂ ‘ಬೇಡ’ ಎಂಬ ಮಾತು ಕೇಳಿಸುವುದಿಲ್ಲ. 2022ರ ಮೇ ಮೊದಲ ವಾರ, ಅಂದರೆ ಮುಂಗಾರಿಗೆ ಇನ್ನೇನು ತಿಂಗಳಿದೆ ಎನ್ನುವಾಗ, ಮಲ್ಪೆಯಲ್ಲಿ ತೇಲುವ ಸೇತುವೆ ಉದ್ಘಾಟನೆಯಾಯಿತು. ರಾಜ್ಯದಲ್ಲೇ ಮೊದಲನೆಯದು ಎಂದು ಚಪ್ಪಾಳೆ ಬಿತ್ತು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿತ್ತು, ಇತ್ತ ಅಲೆ ಜೋರಾಯಿತು, ಕೆಲವೇ ದಿನದಲ್ಲಿ ಸೇತುವೆಯ ತುಂಡುಗಳು ಬಿಡಿಬಿಡಿಯಾಗಿ ತೇಲಿದವು. ಹೆಸರಿಗೆ ಮೋಸವಾಗಲಿಲ್ಲ, ತೇಲಿದ್ದಂತೂ ನಿಜ. ಊರಿನ ಯಾವ ಮೀನುಗಾರನನ್ನು ಕೇಳಿದ್ದರೂ ಮೇ ತಿಂಗಳ ಸಮುದ್ರದ ಬುದ್ಧಿಯನ್ನು ಪುಕ್ಕಟೆ ಹೇಳುತ್ತಿದ್ದ. ಪುಕ್ಕಟೆ ಸಲಹೆಗೆ ಟೆಂಡರ್ ಕರೆಯಲು ಬರುವುದಿಲ್ಲ, ಅದೇ ತೊಡಕು.

ಕೇಂದ್ರದ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸಕ್ಕೆ ದಪ್ಪನೆಯ ಮಾರ್ಗಸೂಚಿ ತಂದಿತು. ಒಳ್ಳೆಯ ಪುಸ್ತಕ, ಯಾವ ಆಟಕ್ಕೆ ಎಂಥ ತರಬೇತಿ, ಎಂಥ ಸಲಕರಣೆ ಎಲ್ಲ ಇದೆ. ಆದರೆ ಅದು ಮಾರ್ಗಸೂಚಿ, ಕಾನೂನಲ್ಲ. 2020ರಲ್ಲಿ ಕಾಸರಕೋಡು ಮತ್ತು ಪಡುಬಿದ್ರಿ ಬೀಚುಗಳಿಗೆ ನೀಲಿ ಬಾವುಟ ಸಿಕ್ಕಿತು, ಸ್ವಚ್ಛತೆ ಸುರಕ್ಷತೆ ಸೇರಿ 33 ಅಂಶಗಳ ಪರೀಕ್ಷೆ ಪಾಸಾಗಿ. ಸಂತೋಷ. ಆದರೆ ರಾಜ್ಯದ ಕರಾವಳಿ 300 ಕಿಲೋಮೀಟರಿಗೂ ಮಿಕ್ಕಿದೆ. ಉಳಿದ ಕಡೆ ಹಾರುವುದು ಕೆಂಪು ಬಾವುಟ, ಅದರ ಕಂಬಕ್ಕೆ ಒರಗಿ ಸೆಲ್ಫಿ.

ಇಲ್ಲಿಂದ ಮುಂದೆ ನಗಿಸಲು ನನಗೆ ಬರುವುದಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರು. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸ ಬಂದ ಮಕ್ಕಳಲ್ಲಿ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿದರು. ಪರಿಹಾರ ಘೋಷಣೆಯಾಯಿತು, ಶಿಕ್ಷಕರ ಮೇಲೆ ಕ್ರಮವಾಯಿತು, ಬೀಚಿಗೆ ಪ್ರವೇಶ ನಿಲ್ಲಿಸಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು.

ಇಂಗ್ಲೆಂಡಿನಲ್ಲೂ ಸತ್ತವರು ನಾಲ್ವರೇ. 1993ರ ಮಾರ್ಚ್ 22ರಂದು ಪ್ಲಿಮತ್ತಿನ ಶಾಲೆಯೊಂದರ ಮಕ್ಕಳು ಸಾಹಸ ಕೇಂದ್ರವೊಂದರ ಮೂಲಕ ಲೈಮ್ ಕೊಲ್ಲಿಯಲ್ಲಿ ಕಯಾಕಿಂಗಿಗೆ ಹೋಗಿದ್ದರು. ಗಾಳಿ ಎದ್ದು ದೋಣಿಗಳು ಒಳಗಡಲಿಗೆ ಕೊಚ್ಚಿಹೋದವು, ಮಕ್ಕಳು ತಣ್ಣೀರಿನಲ್ಲಿ ಗಂಟೆಗಟ್ಟಲೆ ತೇಲಿದರು. ಜೊತೆಗಿದ್ದ ಇಬ್ಬರು ತರಬೇತುದಾರರಿಗೆ ಸಮುದ್ರದಲ್ಲಿ ಗುಂಪು ನಡೆಸುವಷ್ಟು ಅರ್ಹತೆಯೇ ಇರಲಿಲ್ಲ. ಅದಕ್ಕೂ ಹಿಂದಿನ ವರ್ಷ ಅದೇ ಕೇಂದ್ರದ ಇಬ್ಬರು ತರಬೇತುದಾರರು, ಇಲ್ಲಿನ ಸುರಕ್ಷತೆ ಸರಿಯಿಲ್ಲ, ಮುಂದೊಂದು ದಿನ ಯಾರದೋ ಮಗು ಮನೆಗೆ ಬಾರದಿದ್ದರೆ ನೀವೇ ಉತ್ತರ ಹೇಳಬೇಕಾದೀತು ಎಂದು ನಿರ್ದೇಶಕನಿಗೆ ಪತ್ರ ಬರೆದು ಕೆಲಸ ಬಿಟ್ಟಿದ್ದರು. ‘ಬೇಡ’ ಎಂದು ಕಾಗದದ ಮೇಲೆ ಬರೆದುಕೊಟ್ಟವರು ಅವರು. ನ್ಯಾಯಾಲಯದಲ್ಲಿ ಆ ಪತ್ರ ಎದ್ದು ನಿಂತಿತು. 1994ರಲ್ಲಿ ನಿರ್ದೇಶಕ ಜೈಲಿಗೆ ಹೋದ, ಕೇಂದ್ರ ನಡೆಸುತ್ತಿದ್ದ ಕಂಪನಿಯೇ ನರಹತ್ಯೆಯ ಅಪರಾಧಿ ಎಂದು ತೀರ್ಪಾಯಿತು. ಆ ದೇಶದಲ್ಲಿ ಕಂಪನಿಯೊಂದಕ್ಕೆ ಹಾಗಾದದ್ದು ಅದೇ ಮೊದಲು. 1995ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿತು, ಮಕ್ಕಳಿಗೆ ಇಂಥ ಸಾಹಸ ನಡೆಸುವ ಕೇಂದ್ರಗಳಿಗೆ ಲೈಸೆನ್ಸು ಕಡ್ಡಾಯವಾಯಿತು.

ಅಲ್ಲಿ ಈ ಓದಿಗೆ ತೂಕ ಬಂದದ್ದರಲ್ಲಿ ಆ ಕಾನೂನಿನ ಪಾಲು ದೊಡ್ಡದು ಎಂದೇ ನನ್ನ ಎಣಿಕೆ. ಕಲಿತವನನ್ನು ಇಟ್ಟುಕೊಳ್ಳದಿದ್ದರೆ ಅಂಗಡಿಯೇ ಮುಚ್ಚುತ್ತದೆ ಎಂದಾದಾಗ ಕಲಿತವನ ಮಾತಿಗೆ ಧಣಿ ಕಿವಿಗೊಡುತ್ತಾನೆ. ನಾವು ಅಲ್ಲಿಂದ ತಂದಿರುವುದು ಕೋರ್ಸಿನ ಹೆಸರು ಮತ್ತು ಮುಖಪುಟದ ಹುಡುಗನನ್ನು. ಕಾನೂನು ದಾರಿಯಲ್ಲೆಲ್ಲೋ ಉಳಿದುಹೋಯಿತು, ಲಗೇಜು ಭಾರವಾಗಿತ್ತೇನೋ.

ಅಕ್ಕನ ಮಗನಿಗೆ ನಾನು ಬೇಡ ಅನ್ನಲಿಲ್ಲ. ಮೊದಲು ಈಜು ಕಲಿ, ಒಂದು ಸೀಸನ್ ಯಾವುದಾದರೂ ಒಳ್ಳೆಯ ಕ್ಲಬ್ಬಿನಲ್ಲಿ ಬೋರ್ಡು ಹೊತ್ತು ನೋಡು, ಆಮೇಲೂ ಆಸೆ ಇದ್ದರೆ ಫೀಸಿನ ಮಾತು ಎಂದೆ. ಇದೇ ಓದಿಗೆ ಮಕ್ಕಳನ್ನು ಕಳಿಸಲು ಹೊರಟ ತಂದೆತಾಯಿಯರಲ್ಲಿ ಒಂದು ವಿನಂತಿ. ಕಾಲೇಜಿನ ಆಫೀಸಿನಲ್ಲಿ ಕೂತು ಕೇಳಿ: ಅಕ್ಟೋಬರಿನಿಂದ ಮೇವರೆಗೆ ನನ್ನ ಮಗಳು ಎಷ್ಟು ದಿನ ಸಮುದ್ರದಲ್ಲಿರುತ್ತಾಳೆ? ನೀರಿನಲ್ಲಿ ಅವಳ ಪಕ್ಕ ಇರುವವರು ಯಾರು, ಅವರ ಜೀವರಕ್ಷಣೆ ಸರ್ಟಿಫಿಕೇಟು ತೋರಿಸುತ್ತೀರಾ? ನಾಳೆ ಅವಳು ಕೆಲಸದಲ್ಲಿದ್ದು ‘ಇವತ್ತು ಬೇಡ’ ಅಂದರೆ ಅವಳ ಬೆನ್ನಿಗೆ ಯಾರು ನಿಲ್ಲುತ್ತಾರೆ? ಉತ್ತರ ಸಿಕ್ಕರೆ ಕಣ್ಣುಮುಚ್ಚಿ ಸೇರಿಸಿ. ಉತ್ತರದ ಬದಲು ಪ್ಲೇಸ್‌ಮೆಂಟಿನ ಬಣ್ಣದ ಪಟ್ಟಿ ಮುಂದಿಟ್ಟರೆ, ಚೆಕ್ಕನ್ನು ಜೇಬಿನಿಂದ ತೆಗೆಯದೆ ಎದ್ದು ಬನ್ನಿ.